ಹಳೆಯ ಜೀಪು ಕೊಳ್ಳುವ ಮುನ್ನ

ಯುಗಾದಿಯ ಮಾರನೆಯ ದಿನ ಊರಿಗೆ ಹೋಗಿದ್ದೆ. ಊರೆಂದರೆ ಹಾಸನ ತಾಲ್ಲೂಕು ಕಟ್ಟಾಯ ಹೋಬಳಿಯ ಒಂದು ಸಣ್ಣ ಹಳ್ಳಿ. ವರ್ಷತೊಡಕಿನ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಅಣ್ಣನ ಮಗ ಬಳಿಗೆ ಬಂದು, "ಚಿಕ್ಕಪ್ಪ, ಒಂದು ದೊಡ್ಡ ಗಾಡಿ ತಗೊಳ್ಳೋಣ ಅಂತಿದೀನಿ. ಸೆಕೆಂಡ್ ಹ್ಯಾಂಡು. ನೀವೂ ಒಂದ್ಸಲ ನೋಡ್ಬಿಡಿ" ಎಂದ. ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮೋಟಾರು ತೋರಿಸುವುದು ವೈದ್ಯನಿಗೆ ತಾಳೆಗರಿ ತೋರಿಸಿದ ಹಾಗೆಯೇ ಸರಿ. ಆದರೂ ಮನೆಯಲ್ಲಿ ಓದಿದವನೊಬ್ಬನಿದ್ದರೆ ಅವನಿಗೆ ಎಲ್ಲವೂ ತಿಳಿದಿರಬೇಕೆಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ.

ಅವನು 'ಗಾಡಿ' ಎಂದದ್ದನ್ನು ಗಮನಿಸಿದೆ. ನಮ್ಮ ಕಡೆ ಎತ್ತಿನ ಬಂಡಿಯೂ ಗಾಡಿ, ಸ್ಕೂಟರೂ ಗಾಡಿ, ಲಾರಿಯೂ ಗಾಡಿ. ಪಟ್ಟಣದವರು ಎಸ್‌ಯುವಿ ಎಂದು ಕರೆಯುವ ಎತ್ತರದ, ದಪ್ಪ ಟೈರಿನ ವಾಹನವೂ ನಮಗೆ ಗಾಡಿಯೇ. ಹಿರಿಯರಿಗಾದರೆ ಅದು ಯಾವ ಕಂಪೆನಿಯದಾಗಲಿ ಜೀಪು. ಹುಡುಗನಿಗೆ ಆ ವರ್ಷ ಶುಂಠಿಯಲ್ಲಿ ನಾಲ್ಕು ಕಾಸು ಕೈಗೆ ಹತ್ತಿತ್ತು. ದಿನವೂ ಇಬ್ಬರು ಮಕ್ಕಳನ್ನು ಹಾಸನದ ಶಾಲೆಗೆ ಬಿಟ್ಟು ಕರೆತರಬೇಕು; ಅತ್ತಿಗೆಯನ್ನು ಆಗಾಗ ಆಸ್ಪತ್ರೆಗೆ ಕರೆದೊಯ್ಯಬೇಕು; ಮೇ ತಿಂಗಳಲ್ಲಿ ಎಪಿಎಂಸಿಯಿಂದ ಬಿತ್ತನೆ ಆಲೂಗೆಡ್ಡೆ ತರುವಾಗ, ಬೇಸಿಗೆಗೆ ಮುನ್ನ ಶುಂಠಿಯನ್ನು ಮಾರುಕಟ್ಟೆಗೆ ಒಯ್ಯುವಾಗ, ಹಿಂದೆ ಒಂದು ಟ್ರೇಲರನ್ನೂ ಎಳೆಯಬೇಕು. ಎಲ್ಲಕ್ಕೂ ಒಂದೇ ವಾಹನ ಆಗಬೇಕೆಂಬುದು ಅವನ ಆಸೆ. ಆಸೆಯೇನೋ ನ್ಯಾಯವಾದದ್ದೇ.

ಮೊಬೈಲಿನಲ್ಲಿ ಅವನು ಒಂದು ಚಿತ್ರ ತೋರಿಸಿದ. ಕಪ್ಪು ಬಣ್ಣದ, ಭರ್ಜರಿ ಎತ್ತರದ ವಾಹನ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಬೆಲೆ ಆಶ್ಚರ್ಯವಾಗುವಷ್ಟು ಕಡಿಮೆ. ನೋಂದಣಿ ದೆಹಲಿಯದು. ಜೊತೆಗೆ ಅಮೆರಿಕದ ಒಂದು ಚಲನಚಿತ್ರ ತುಣುಕನ್ನೂ ತೋರಿಸಿದ: ಅಲ್ಲಿಯವನೊಬ್ಬ ಅಂಥದೇ ವಾಹನಕ್ಕೆ ಒಂದು ದೋಣಿಯನ್ನೇ ಕಟ್ಟಿಕೊಂಡು ಸರೋವರದ ಕಡೆಗೆ ಹೊರಟಿದ್ದ. ನಮ್ಮ ನೆರೆಯ ಗೊರೂರಿನ ರಾಮಸ್ವಾಮಯ್ಯಂಗಾರರು ಅಮೆರಿಕಕ್ಕೆ ಹೋಗಿಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಾವು ಊರಿಗೇ ಬಂದಿತೆಂದು ಹಿಗ್ಗಿದ್ದೆವು. ಆಗ ಅಮೆರಿಕವನ್ನು ಪುಸ್ತಕದಲ್ಲಿ ಓದಿ ಬೆರಗಾಗಿ ಸುಮ್ಮನಿರಬಹುದಿತ್ತು. ಈಗ ಅದು ಅಂಗೈಗೇ ಬಂದು ನನ್ನಂತೆ ಮಾಡು ಎನ್ನುತ್ತದೆ.

ಅಮೆರಿಕದವರ ಆ ವಾಹನಗಳ ವಂಶ ಹಳೆಯದು. ಷೆವರ್ಲೆ ಕಂಪೆನಿಯ ಸಬರ್ಬನ್ 1935ರಿಂದಲೂ ಇದೆ. ಇಂದಿನ ಅಂಥ ವಾಹನಗಳು ತಾವೇ ಎರಡೂವರೆ ಟನ್ ತೂಗುತ್ತವೆ. ಐದು ಲೀಟರಿಗೂ ಮಿಕ್ಕ ಎಂಜಿನ್ನು. ಮೂರೂವರೆ ಟನ್ನಿನಷ್ಟು ಎಳೆಯಲು ಬೇಕಾದ ಕೊಂಡಿ, ಹಿಂದಿನ ಟ್ರೇಲರಿನ ಬ್ರೇಕಿಗೆ ಬೇಕಾದ ತಂತಿ, ಎಲ್ಲವನ್ನೂ ಎಣಿಸಿ ಕಟ್ಟಿದವು. ನಮ್ಮ ಬೊಲೆರೊದ ಎಂಜಿನ್ನು ಮೊದಲು ಎರಡೂವರೆ ಲೀಟರು, ಈಚೆಗೆ ಒಂದೂವರೆ ಲೀಟರು. ಇದು ಅವಮಾನದ ಮಾತಲ್ಲ. ಹಳ್ಳಿಕಾರ್ ಎತ್ತಿಗೆ ಆನೆಯ ಕೆಲಸ ಹೇಳಬಾರದು, ಅಷ್ಟೆ.

ದೆಹಲಿಯ ವಾಹನ ಅಷ್ಟು ಅಗ್ಗವಾಗಿ ಏಕೆ ಸಿಗುತ್ತದೆ ಎಂದು ಕೇಳಿದೆ. ಹುಡುಗನಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿಯ ವಾಹನಗಳು ವಯಸ್ಸಾಗುತ್ತ ಬಂದಂತೆ ಬೆಲೆ ಕಳೆದುಕೊಂಡು ದಕ್ಷಿಣಕ್ಕೆ ಇಳಿದು ಬರತೊಡಗಿದವು. ಇಲ್ಲಿಗೆ ತಂದ ಮೇಲೆ ನಿರಾಕ್ಷೇಪಣಾ ಪತ್ರ, ಮರುನೋಂದಣಿ, ನಮ್ಮ ರಾಜ್ಯದ ಆಜೀವ ತೆರಿಗೆ, ಎಲ್ಲವೂ ಆಗಬೇಕು. ಅಗ್ಗದ ಅರ್ಧ ಅಲ್ಲಿಯೇ ಕರಗುತ್ತದೆ. ಉಳಿದರ್ಧವನ್ನು ವಾಹನದ ಹಿಂದಿನ ಬದುಕನ್ನು ಅರಿತವರು ಇಲ್ಲಿ ಯಾರೂ ಇಲ್ಲ ಎಂಬ ಸಂಗತಿ ನುಂಗುತ್ತದೆ.

ನಾವು ಹೀಗೆ ಮಾತನಾಡುತ್ತಿದ್ದಷ್ಟು ಹೊತ್ತೂ ಅಣ್ಣ ಕಂಬಕ್ಕೆ ಒರಗಿ, ಎಡಗಾಲನ್ನು ಮುಂದಕ್ಕೆ ಚಾಚಿಕೊಂಡು ಕುಳಿತಿದ್ದ. ಆ ಕಾಲು ಮಡಿಸಲು ಬಾರದು. ಅದರ ಕಥೆ ನಮ್ಮ ಮನೆಯಲ್ಲಿ ಯಾರೂ ಎತ್ತದ ಕಥೆ.

ನಮ್ಮ ತಂದೆ ಎತ್ತು ಕೊಳ್ಳುವುದರಲ್ಲಿ ಹೋಬಳಿಗೆಲ್ಲ ಹೆಸರಾದವರು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ನನ್ನನ್ನು ಒಂದೆರಡು ಸಲ ಕರೆದೊಯ್ದಿದ್ದರು. ಒಂದು ಜೋಡಿಯ ಮುಂದೆ ಅರ್ಧ ದಿನ ನಿಲ್ಲುತ್ತಿದ್ದರು. ಮೊದಲು ಬಾಯಿ ಬಿಡಿಸಿ ಹಲ್ಲು: ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ. ಮಾರುವವನು ವಯಸ್ಸಿನ ವಿಷಯದಲ್ಲಿ ಏನು ಹೇಳಿದರೂ ಹಲ್ಲು ಬೇರೆ ಹೇಳಿದರೆ ಹಲ್ಲಿನ ಮಾತೇ ಮಾತು. ಕೊಂಬನ್ನು ಹೆರೆದು ಎಣ್ಣೆ ಸವರಿದ್ದರೆ ಅದು ಅವರಿಗೆ ಶೃಂಗಾರವಲ್ಲ, ಅನುಮಾನ. ಆಮೇಲೆ ಹೆಗಲನ್ನು ಒತ್ತಿ ನೋಡುವುದು, ಗೊರಸನ್ನು ಎತ್ತಿ ನೋಡುವುದು, ಬರಿಗಾಡಿಗೆ ಕಟ್ಟಿ ದಿಬ್ಬ ಹತ್ತಿಸುವುದು. ಹತ್ತಿದ ಮೇಲೆ ಇಳಿಸುವುದು. ಇಳಿಜಾರಿನಲ್ಲಿ ಗಾಡಿ ಹಿಂದಿನಿಂದ ನೂಕುವಾಗ ಎತ್ತು ಹೆಗಲು ಕೊಟ್ಟು ತಡೆಯುತ್ತದೆಯೋ, ಬೆದರಿ ಓಡುತ್ತದೆಯೋ ಎಂದು ನೋಡುವುದು. ಇದೆಲ್ಲ ಮುಗಿದ ಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ.

ಇಂಥ ತಂದೆ 1976ರಲ್ಲಿ ಸಕಲೇಶಪುರದ ಕಡೆಯಿಂದ ಒಂದು ಹಳೆಯ ಜೀಪು ಕೊಂಡರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಜೀಪುಗಳೂ, 1947ರಿಂದ ಮಹೀಂದ್ರಾ ಕಂಪೆನಿ ಜೋಡಿಸಿದ ವಿಲ್ಲೀಸ್ ಜೀಪುಗಳೂ ಮಲೆನಾಡಿನ ತೋಟಗಳಲ್ಲಿ ದುಡಿದು ಸವೆದು, ಕೊನೆಗಾಲದಲ್ಲಿ ನಮ್ಮಂಥ ಅರೆಮಲೆನಾಡಿನ ಹಳ್ಳಿಗಳಿಗೆ ಬರುತ್ತಿದ್ದ ಕಾಲ ಅದು. ಎತ್ತಿಗೆ ಅರ್ಧ ದಿನ ಕೊಡುತ್ತಿದ್ದ ತಂದೆ ಜೀಪಿಗೆ ಕೊಟ್ಟದ್ದು ಅರ್ಧ ಗಂಟೆ. ಹೊಸದಾಗಿ ಹಸಿರು ಬಣ್ಣ ಬಳಿದಿತ್ತು; ಸ್ಟಾರ್ಟ್ ಆಯಿತು; ದಿಬ್ಬ ಹತ್ತಿತು. ಯಂತ್ರಕ್ಕೆ ವಯಸ್ಸೂ ಇಲ್ಲ, ಸ್ವಭಾವವೂ ಇಲ್ಲ ಎಂದು ಅವರು ನಂಬಿದ್ದರೆಂದು ಕಾಣುತ್ತದೆ. ಎತ್ತಿನ ವಿಷಯದಲ್ಲಿ ಅವರಿಗಿದ್ದ ಸಂಶಯವೆಂಬ ವಿದ್ಯೆ ಕಬ್ಬಿಣದ ಎದುರು ಕೈಕಟ್ಟಿ ನಿಂತಿತು. ದಿಬ್ಬ ಇಳಿಸಿ ನೋಡಲಿಲ್ಲ.

1978ರ ಸೆಪ್ಟೆಂಬರಿನಲ್ಲಿ, ಆಲೂಗೆಡ್ಡೆ ಅಗೆದ ಕಾಲದಲ್ಲಿ, ಅಣ್ಣ ಆ ಜೀಪಿಗೆ ಟ್ರೇಲರು ಕಟ್ಟಿ ಚೀಲ ಹೇರಿಕೊಂಡು ಹಾಸನಕ್ಕೆ ಹೊರಟ. ಕೆರೆ ಕೋಡಿ ಬಿದ್ದು ದಾರಿಯ ಮೇಲೆ ನೀರು ಹರಿಯುತ್ತಿತ್ತು. ಆ ಕಾಲದ ಜೀಪಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ನೀರು ಹೊಕ್ಕರೆ ಅದು ಒಣಗುವ ತನಕ ಹಿಡಿಯದು. ಒಂದು ಚಕ್ರದಲ್ಲಿ ಮೊದಲೇ ಎಣ್ಣೆ ಸೋರುತ್ತಿತ್ತೆಂದು ಆಮೇಲೆ ತಿಳಿಯಿತು. ನೀರು ದಾಟಿ ಏರಿಯಿಂದ ಇಳಿಯುವಾಗ ಹಿಂದಿನ ಭಾರ ಮುಂದಿನದನ್ನು ನೂಕಿತು. ಟ್ರೇಲರು ಪಕ್ಕಕ್ಕೆ ಬಂದು ಜೀಪನ್ನೇ ಅಡ್ಡ ತಿರುಗಿಸಿ ಗದ್ದೆಗೆ ಕೆಡವಿತು. ನಾನು ಕಾಲೇಜಿನಿಂದ ಆಸ್ಪತ್ರೆಗೆ ಓಡಿದೆ. ಅಣ್ಣನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಆ ವರ್ಷದಿಂದ ತಂದೆ ಜಾತ್ರೆಗೆ ಹೋಗುವುದನ್ನು ಬಿಟ್ಟರು.

ಈ ಅಣ್ಣನೇ ಆ ಯುಗಾದಿಯ ಮಧ್ಯಾಹ್ನ ಮೊದಲ ಬಾರಿಗೆ ಬಾಯಿ ತೆರೆದು ಮಗನಿಗೆ ಹೇಳಿದ: "ಎಳೆಯೋದನ್ನ ಎಲ್ಲಾರೂ ತೋರಿಸ್ತಾರೆ ಮಗ. ನಿಲ್ಲೋದನ್ನ ತೋರಿಸು ಅನ್ನು."

ಆ ಮಾತನ್ನು ಕಟ್ಟಿಕೊಂಡು ನಾವು ಎರಡು ತಿಂಗಳು ಅಲೆದೆವು. ಜೊತೆಗೆ ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್ಕರು. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಆ ಋಣಕ್ಕೆ ಬಂದರು. ಅವರು ಕೆಲಸ ಮಾಡುವ ರೀತಿಯನ್ನು ನೋಡಿದಾಗ ನನಗೆ ನಮ್ಮ ತಂದೆಯ ಜಾತ್ರೆಯ ನೆನಪಾಯಿತು. ಯಂತ್ರಕ್ಕೂ ಹಲ್ಲುಂಟು, ಎಣಿಸುವ ಕಲೆ ಬೇರೆ.

ಕಿಲೋಮೀಟರು ತೋರಿಸುವ ಅಂಕಿಯನ್ನು ಅವರು ನೋಡುವುದೇ ಇಲ್ಲ. ಅದನ್ನು ಹಿಂದಕ್ಕೆ ತಿರುಗಿಸುವವರು ಎಲ್ಲೆಡೆ ಇದ್ದಾರೆ. ಅದರ ಬದಲು ಕ್ಲಚ್ಚು, ಬ್ರೇಕುಗಳ ಪೆಡಲಿನ ರಬ್ಬರು ಸವೆದಿದೆಯೇ, ಚಾಲಕನ ಆಸನದ ಬಲ ಅಂಚು ಕುಸಿದಿದೆಯೇ, ಸ್ಟೀರಿಂಗು ಕೈಬೆವರಿಗೆ ನುಣುಪಾಗಿದೆಯೇ ಎಂದು ನೋಡುತ್ತಾರೆ. ನಲವತ್ತು ಸಾವಿರ ಓಡಿದೆಯೆಂಬ ವಾಹನದ ಪೆಡಲು ಅಜ್ಜನ ಎಕ್ಕಡದಂತೆ ಸವೆದಿದ್ದರೆ ಮಾತು ಮುಗಿಯಿತು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ ಇಪ್ಪತ್ತಮೂರನೆಯ ವಾರ ತಯಾರಾದದ್ದೆಂದು ಅರ್ಥ. ನಾನು ಶಾಸನಗಳಲ್ಲಿ ಶಕವರ್ಷ ಓದಿದವನು. ಟೈರಿನಲ್ಲಿಯೂ ಕಾಲನಿರ್ದೇಶವಿದೆಯೆಂದು ಅರುವತ್ತು ದಾಟಿದ ಮೇಲೆ ಕಲಿತೆ. ಕಿಟಕಿಯ ಗಾಜುಗಳ ಮೂಲೆಯಲ್ಲಿರುವ ಗುರುತುಗಳೂ ಹಾಗೆಯೇ. ಎಲ್ಲವೂ ಒಂದೇ ಸಂತತಿಯವಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ಆ ಕಡೆ ಏನೋ ನಡೆದಿದೆ, ಏನೆಂದು ಕೇಳಬೇಕು.

ವಾಹನ ನೋಡಲು ಬರುತ್ತೇವೆಂದು ತಿಳಿಸಿದರೆ, ಎಂಜಿನ್ನನ್ನು ಬಿಸಿ ಮಾಡಿ ಇಡಬೇಡಿ ಎಂದು ಮೊದಲೇ ಹೇಳುವುದು ಅವರ ಪದ್ಧತಿ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುತ್ತಾರೆ. ಬೆಚ್ಚಗಿದ್ದರೆ ತಣಿಯುವ ತನಕ ಕಾಯುತ್ತಾರೆ. ತಣ್ಣನೆಯ ಡೀಸೆಲ್ ಎಂಜಿನ್ನು ಎದ್ದಾಗ ಬರುವ ಹೊಗೆ ಮಾತನಾಡುತ್ತದೆ. ನೀಲಿಯಾದರೆ ಒಳಗಿನ ಆಯಿಲು ಉರಿಯುತ್ತಿದೆ. ಕಪ್ಪಾದರೆ ಗಾಳಿ ಸಾಲದು, ಇಲ್ಲವೇ ಇಂಧನ ಹೆಚ್ಚು. ಬಿಳಿಯ ಹೊಗೆ ಒಂದೆರಡು ನಿಮಿಷದಲ್ಲಿ ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ರೇಡಿಯೇಟರಿನ ನೀರು ಎಲ್ಲಿ ಹೋಗುತ್ತಿದೆಯೆಂದು ಹುಡುಕಬೇಕು. ಆಯಿಲಿನ ಮುಚ್ಚಳ ತೆಗೆದಾಗ ಉಗಿಬಂಡಿಯಂತೆ ಬುಸುಗುಟ್ಟಿದರೆ ಎಂಜಿನ್ನಿನ ಒಡಲು ಸವೆದಿದೆ. ಆಮೇಲೆ ದಿಬ್ಬಕ್ಕೆ ಒಯ್ದು ಮೂರನೆಯ ಗೇರಿನಲ್ಲಿ ಆಕ್ಸಲರೇಟರು ಒತ್ತುತ್ತಾರೆ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಟ್ರೇಲರು ಎಳೆದ ವಾಹನದಲ್ಲಿ ಮೊದಲು ಸೋಲುವ ಅಂಗಗಳಲ್ಲಿ ಅದೂ ಒಂದು.

ಮಂಗಳೂರಿನ ಕಡೆಯ ಒಂದು ವಾಹನ ಮೇಲೆ ಚಿನ್ನದ ಹಾಗಿತ್ತು. ಮೆಕ್ಯಾನಿಕ್ಕರು ಟಾರ್ಪಾಲು ಹಾಸಿ ಕೆಳಗೆ ನುಸುಳಿ ಸುತ್ತಿಗೆಯ ಹಿಡಿಯಿಂದ ಚಾಸಿಸ್ಸನ್ನು ಮೆಲ್ಲಗೆ ಬಡಿದರು. ತುಕ್ಕು ಉದುರಿತು. ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ಹೀಗೆ ಒಳಗಿಂದ ತಿನ್ನುತ್ತದೆ. ಬೊಲೆರೊ, ಸ್ಕಾರ್ಪಿಯೊ, ಹಳೆಯ ಸಫಾರಿ, 2019ರಲ್ಲಿ ತಯಾರಿಕೆ ನಿಂತ ಸುಮೊ, ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಕ್ವಾಲಿಸ್, ಇವೆಲ್ಲ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿದ ವಾಹನಗಳು. ಎಳೆತದ ಬಲವೆಲ್ಲ ಆ ಏಣಿಯ ಮೇಲೆ ಬೀಳುತ್ತದೆ. ಈಚಿನ ಎಸ್‌ಯುವಿಗಳಲ್ಲಿ ಅನೇಕಕ್ಕೆ ಆ ಏಣಿಯೇ ಇಲ್ಲ. ನೋಟಕ್ಕೆ ಜೀಪು, ಕಟ್ಟಡದಲ್ಲಿ ಕಾರು. 2021ರಲ್ಲಿ ಬಂದ ಹೊಸ ಸಫಾರಿ ಹೆಸರನ್ನು ಉಳಿಸಿಕೊಂಡು ಬೆನ್ನೆಲುಬನ್ನು ಬದಲಿಸಿತು. ಮಕ್ಕಳನ್ನು ಶಾಲೆಗೆ ಒಯ್ಯಲು ಅದು ಹೆಚ್ಚು ಸುಖವಾದದ್ದೇ ಇರಬಹುದು. ಆದರೆ ಹೆಸರು ನೋಡಿ ಕೊಂಡವನು ಹಿಂದೆ ಶುಂಠಿ ಚೀಲ ಕಟ್ಟುವ ಮುನ್ನ ಯೋಚಿಸಬೇಕು.

ಬೆಂಗಳೂರಿನಲ್ಲಿ ನೋಡಿದ ಇನ್ನೊಂದು ವಾಹನದ ಪರೀಕ್ಷೆ ಎರಡೇ ನಿಮಿಷದಲ್ಲಿ ಮುಗಿಯಿತು. ಮೆಕ್ಯಾನಿಕ್ಕರು ಹಿಂದಿನ ಸೀಟುಬೆಲ್ಟನ್ನು ಕೊನೆಯ ತನಕ ಎಳೆದರು. ಕೊನೆಯ ಒಂದು ಗೇಣು ಕೆಸರಿನ ಬಣ್ಣಕ್ಕೆ ತಿರುಗಿತ್ತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳು ಮುಳುಗಿದ್ದು ಕೇಳುಗರಿಗೆ ನೆನಪಿರಬಹುದು. ಇದು ಅದೇ ನೀರೋ ಬೇರೆಯೋ ತಿಳಿಯದು, ನೀರಂತೂ ಹೊಕ್ಕಿತ್ತು. ತೊಳೆದು ಒರೆಸಿದವರು ಬೆಲ್ಟನ್ನು ಪೂರ್ತಿ ಎಳೆದಿರಲಿಲ್ಲ.

ಹುಡುಗನಿಗೆ ಹೊಸ ಮಾದರಿಯ ಮೇಲೆಯೇ ಕಣ್ಣು. ಅಲ್ಲಿಯೂ ಒಂದು ತೊಡಕುಂಟು. 2020ರ ಏಪ್ರಿಲ್ ನಂತರದ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಒಂದು ಶೋಧಕವಿರುತ್ತದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ದಿನವೂ ಸ್ವಲ್ಪ ದೂರ ಹೋಗಿ ನಿಲ್ಲಿಸುವ, ಮತ್ತೆ ಸ್ವಲ್ಪ ದೂರ ಬರುವ ವಾಹನದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಪರಿಸರಕ್ಕೆ ಒಳ್ಳೆಯದೇ ಆದ ಏರ್ಪಾಡು; ನಮ್ಮ ಹುಡುಗನ ಓಡಾಟಕ್ಕೆ ಒಗ್ಗದು.

ಒಂದು ಸಂಜೆ ಕುಳಿತು ಲೆಕ್ಕ ಹಾಕಿದೆವು. ಶಾಲೆಗೆ ಹೋಗುವ ದಿನಗಳು ವರ್ಷಕ್ಕೆ ಇನ್ನೂರು ದಾಟುತ್ತವೆ. ಟ್ರೇಲರು ಕಟ್ಟುವ ದಿನಗಳು ಹನ್ನೆರಡೋ ಹದಿನೈದೋ. ಆ ಹನ್ನೆರಡು ದಿನಗಳ ಪ್ರತಾಪಕ್ಕಾಗಿ ಉಳಿದ ದಿನಗಳೆಲ್ಲ ಲೀಟರಿಗೆ ಎಂಟೋ ಒಂಬತ್ತೋ ಕಿಲೋಮೀಟರು ಕೊಡುವ ಬೃಹತ್ ವಾಹನವನ್ನು ಸಾಕಬೇಕೆ? ಮತ್ತೆ, ಆ ದಿನಗಳಲ್ಲಿ ಎಳೆಯಬೇಕಾದ ಭಾರವಾದರೂ ಎಷ್ಟು? ಶುಂಠಿಯ ಚೀಲ 60 ಕಿಲೋ. ಟ್ರೇಲರಿನದೇ ತೂಕ 300 ಕಿಲೋ. ಹತ್ತು ಚೀಲ ಹೇರಿದರೆ ಒಟ್ಟು 900. ಯೂರೋಪಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಒಟ್ಟು 750 ಕಿಲೋ ದಾಟಿದ ಟ್ರೇಲರಿಗೆ ಅದರದೇ ಆದ ಬ್ರೇಕು ಇರಲೇಬೇಕೆಂಬ ನಿಯಮವಿದೆ. ನಮ್ಮ ಹುಡುಗನ ಟ್ರೇಲರಿಗೆ ಬ್ರೇಕಿಲ್ಲ. ಏಳು ಚೀಲವಾದರೆ 420, ಟ್ರೇಲರು ಸೇರಿ 720. ಅದಕ್ಕಿಂತ ಹೆಚ್ಚಾದರೆ ಬಾಡಿಗೆಗೆ ಟ್ರ್ಯಾಕ್ಟರು ಕರೆಯುವುದು. ಇಡೀ ಬೆಳೆಯನ್ನು ಸಾಗಿಸುವ ದಿನ ಹೇಗೂ ಟ್ರ್ಯಾಕ್ಟರೇ ಬೇಕು. ಟ್ರ್ಯಾಕ್ಟರಿನ ದೊಡ್ಡ ಟ್ರೇಲರನ್ನು ಜೀಪಿಗೆ ಕಟ್ಟುವವರನ್ನು ನಾನು ಕಂಡಿದ್ದೇನೆ. ಅವರ ಧೈರ್ಯವನ್ನು ಮೆಚ್ಚಲಾರೆ.

ಭಾರ ಹೇರುವ ಕ್ರಮವನ್ನು ಮಾತ್ರ ಯಾರೂ ಹುಡುಗನಿಗೆ ಹೇಳಿಕೊಡಬೇಕಾಗಲಿಲ್ಲ. ಅದು ಅಣ್ಣನಿಗೆ ಬಂಡಿಯಿಂದಲೇ ಬಂದ ವಿದ್ಯೆ. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗದ ಕಣ್ಣಿ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರ ಅತಿಯಾದರೆ ಹೆಗಲು ಹುಣ್ಣಾಗುತ್ತದೆ. ಅಚ್ಚಿಗಿಂತ ತುಸು ಮುಂದೆ ಭಾರ ಕೂರಬೇಕು. ಟ್ರೇಲರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಕೂರಬೇಕೆಂದು ಇಂದಿನ ತಂತ್ರಜ್ಞರು ಹೇಳುವುದೂ ಇದನ್ನೇ. ಹಿಂಭಾರವಾದ ಟ್ರೇಲರು ವೇಗ ಹೆಚ್ಚಿದಂತೆ ಹಾವಿನಂತೆ ಹೊರಳುತ್ತದೆ. ಕೊಂಡಿಯನ್ನು ಬಂಪರಿಗಲ್ಲ, ಚಾಸಿಸ್ಸಿಗೇ ಬೋಲ್ಟು ಹಾಕಿ ಬಿಗಿಯಬೇಕೆಂದು ಮೆಕ್ಯಾನಿಕ್ಕರು ಮೂರು ಸಲ ಹೇಳಿದರು.

ಕಾಗದಪತ್ರದ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅದು ನೀರಸ, ಆದರೆ ಬಿಡುವಂತಿಲ್ಲ. ಖಾಸಗಿ ವಾಹನದ ನೋಂದಣಿಗೆ 15 ವರ್ಷ ಆಯುಸ್ಸು. ಆಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಸಾಲದ ಋಣ ತೀರಿದೆಯೇ, ದಂಡ ಬಾಕಿಯಿದೆಯೇ ಎಂಬುದನ್ನು ಸರ್ಕಾರದ ವಾಹನ ದಾಖಲೆಯಲ್ಲಿ ಮನೆಯಲ್ಲೇ ಕುಳಿತು ನೋಡಬಹುದು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ನಂಬಿಕೆಯ ಮೇಲೆ ಬಿಟ್ಟರೆ ಕೆಡುಕು ಮಾರಿದವನಿಗೂ ಉಂಟು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆ ಅವನದೇ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಟ್ರೇಲರನ್ನೂ ಕಾನೂನು ಮೋಟಾರು ವಾಹನವೆಂದೇ ಎಣಿಸುತ್ತದೆ. ಅದಕ್ಕೆ ಎಂಜಿನ್ನಿಲ್ಲ, ನೋಂದಣಿ ಬೇಡವೆಂದು ತಿಳಿದವರು ನಮ್ಮ ಹೋಬಳಿಯಲ್ಲಿ ಬಹಳ.

ಕೊನೆಗೆ ಸಿಕ್ಕಿದ್ದು ಅರಕಲಗೂಡಿನ ಕಡೆಯ ರೈತರೊಬ್ಬರ ಬಿಳಿಯ ಬೊಲೆರೊ. 2016ರದು, ನೋಂದಣಿ ನಮ್ಮ ಹಾಸನದ್ದೇ, ಕೆಎ 13. ಬಾಗಿಲಿನ ಬಳಿ ಬಣ್ಣ ಹೋಗಿತ್ತು, ಆಸನ ಹರಿದಿತ್ತು. ಅದನ್ನು ಮುಚ್ಚುವ ಪ್ರಯತ್ನವನ್ನು ಅವರು ಮಾಡಿರಲಿಲ್ಲ. ಆಯಿಲು ಬದಲಿಸಿದ ತಾರೀಖುಗಳನ್ನು ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ಹುಡುಗ ಮುಖ ಸಣ್ಣದು ಮಾಡಿಕೊಂಡ. ಕಪ್ಪು ವಾಹನ ಅವನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

ಅಣ್ಣ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದ. ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಮುಂದಿನ ಆಸನದಲ್ಲಿ ಕುಳಿತ. ಹತ್ತಿರದ ಹಳ್ಳದಲ್ಲಿ ಮೊಳಕಾಲುದ್ದ ನೀರಿತ್ತು. ಅದರೊಳಗೆ ಇಳಿಸಿ ದಾಟಿಸು ಎಂದ. ಆಮೇಲೆ ಇಳಿಜಾರಿಗೆ ಒಯ್ದು, "ಈಗ ನಿಲ್ಲಿಸು" ಎಂದ. ಮಗ ನಿಲ್ಲಿಸಿದ. ಮತ್ತೆ ಸ್ವಲ್ಪ ವೇಗವಾಗಿ, ಮತ್ತೆ. ಐದನೆಯ ಸಲಕ್ಕೆ ಮಾರುವವರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಯಾಕೆ ಹಿಂಗೆ?" ಎಂದು ಮೆಲ್ಲಗೆ ಕೇಳಿದರು. ನಾನು ಹೇಳಿದೆ. ಅವರು ಆಮೇಲೆ ಏನೂ ಕೇಳಲಿಲ್ಲ. ಬೆಲೆಯಲ್ಲಿ ತಾವಾಗಿಯೇ ಸ್ವಲ್ಪ ಇಳಿಸಿದರು.

ಈಗ ಆ ಬೊಲೆರೊ ಮನೆಯ ಮುಂದೆ ನಿಲ್ಲುತ್ತದೆ. ಮಕ್ಕಳು ಅದರಲ್ಲಿ ಶಾಲೆಗೆ ಹೋಗುತ್ತಾರೆ. ಟ್ರೇಲರು ಕೊಟ್ಟಿಗೆಯ ಪಕ್ಕದಲ್ಲಿದೆ. ಅದರ ಹಿಂದಿನ ಹಲಗೆಯ ಮೇಲೆ ಅಣ್ಣ ಬಿಳಿಯ ಬಣ್ಣದಿಂದ ದೊಡ್ಡದಾಗಿ 7 ಎಂದು ಬರೆದಿದ್ದಾನೆ. ನೋಡಿದವರು ಅದನ್ನು ಟ್ರೇಲರಿನ ನಂಬರೆಂದು ತಿಳಿಯುತ್ತಾರೆ.